ಯಾವ ದೇಶಕ್ಕೆ ಹೋಗಲಿ? ಕಾಸರಗೋಡಿನ ಕನ್ನಡ ಮನೆಗಳಿಗೆ ಒಂದು ವಿವರಣೆ

ನಮ್ಮ ಕಾಸರಗೋಡಿನ ಹಿಂದಿನ ತಲೆಮಾರಿನ ಹೆಚ್ಚಿನವರು ದೇಶವನ್ನು ಆರಿಸಿದ್ದೇ ಇಲ್ಲ. ಭಾವ ದುಬೈಯಲ್ಲಿದ್ದರೆ ದುಬೈಗೆ ಹೋದರು. ಪಕ್ಕದ ಮನೆಯವರು ಕುವೈತ್‌ನಿಂದ ವೀಸಾ ಕಳಿಸಿದರೆ ಕುವೈತ್‌ಗೆ ಹೋದರು. ಉಪ್ಪಳ, ಕುಂಬಳೆ, ಚೆರ್ಕಳದ ಕಡೆ ಎಷ್ಟೋ ಮನೆಗಳು ಹಾಗೆ ಸಿಕ್ಕಿದ ವೀಸಾದಿಂದಲೇ ಎದ್ದು ನಿಂತವು. ಈಗ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಡಿಗ್ರಿ ಮುಗಿಸಿದ ಮಗಳು ಊಟಕ್ಕೆ ಕೂತಾಗ ಜರ್ಮನಿ, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ ಅಂತ ನಾಲ್ಕು ಹೆಸರು ಹೇಳುತ್ತಾಳೆ. ಅಪ್ಪ ಅಮ್ಮನಿಗೆ ಅದರಲ್ಲಿ ಒಂದರ ಬಗ್ಗೆಯೂ ಸರಿಯಾಗಿ ಗೊತ್ತಿರುವುದಿಲ್ಲ.

2023ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿರುವ ಕೇರಳದವರು ಸುಮಾರು 22 ಲಕ್ಷ. ಅವರಲ್ಲಿ ವಿದ್ಯಾರ್ಥಿಗಳು 2018ರಲ್ಲಿ ಸುಮಾರು 1.3 ಲಕ್ಷ ಇದ್ದರು, 2023ಕ್ಕೆ ಸುಮಾರು 2.5 ಲಕ್ಷ ಆದರು. ಈ ಗಾಳಿ ನಮ್ಮ ಕನ್ನಡ ಮನೆಗಳಿಗೂ ಬೀಸಿದೆ. ಆದರೆ ಮಾಹಿತಿ ಬರುವುದು ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಬೆಂಗಳೂರಿನ ಪತ್ರಿಕೆಗಳು ಬರೆಯುವುದು ಕರ್ನಾಟಕದವರಿಗೆ. ಹಾಗಾಗಿ ನಮ್ಮವರು ಏಜೆಂಟ್ ಹೇಳಿದ್ದನ್ನೇ ನಂಬಿ ಹೊರಡುತ್ತಾರೆ. ಅದು ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

"ಯಾವ ದೇಶ ಒಳ್ಳೆಯದು?" ಅಂತ ಕೇಳಿದರೆ ಯಾರಿಗೂ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಮೊದಲು ಮನೆಯಲ್ಲಿ ಕೂತು ಬೇರೆ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಕೆಲವು ವರ್ಷ ದುಡಿದು ಊರಿಗೆ ವಾಪಸ್ ಬರುವುದಾ? ಅಥವಾ ಅಲ್ಲೇ ಮನೆ ಮಾಡಿ, ಮಕ್ಕಳನ್ನು ಅಲ್ಲೇ ಬೆಳೆಸುವುದಾ? ಇದೊಂದು ತೀರ್ಮಾನವಾದರೆ ಪಟ್ಟಿಯ ಅರ್ಧ ಹೆಸರುಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಗಲ್ಫ್ ದೇಶಗಳು ಕರೆಯುವುದು ಕೆಲಸ ಮಾಡಲಿಕ್ಕೆ, ನೆಲೆಸಲಿಕ್ಕೆ ಅಲ್ಲ. ಕೆನಡಾ, ಆಸ್ಟ್ರೇಲಿಯಾ, ಜರ್ಮನಿಯಲ್ಲಿ ನೆಲೆಸುವುದಕ್ಕೂ ದಾರಿ ಇದೆ. ಆದರೆ ಅವು ವಯಸ್ಸು, ಓದು, ಭಾಷೆ ಎಲ್ಲವನ್ನೂ ತೂಗಿ ನೋಡುತ್ತವೆ. ವಾಪಸ್ ಬರುವ ಮನಸ್ಸಿದ್ದವರು ನೆಲೆಸುವ ದೇಶಕ್ಕೆ ಸಾಲ ಮಾಡಿ ಹೋದರೆ ಸಾಲ ತೀರುವ ಹೊತ್ತಿಗೆ ವಾಪಸ್ ಬರುವ ವಯಸ್ಸು ದಾಟಿರುತ್ತದೆ. ನೆಲೆಸುವ ಆಸೆ ಇಟ್ಟುಕೊಂಡು ಗಲ್ಫಿಗೆ ಹೋದವರು ಇಪ್ಪತ್ತು ವರ್ಷದ ನಂತರವೂ ಪರವಾನಗಿ ನವೀಕರಣದ ದಿನವನ್ನೇ ಎಣಿಸುತ್ತಿರುತ್ತಾರೆ.

ಗಲ್ಫಿನ ಲೆಕ್ಕ

ಗಲ್ಫನ್ನು ಕೀಳಾಗಿ ನೋಡುವ ಮಾತು ಈಗ ಓದಿದ ಹುಡುಗರ ಬಾಯಲ್ಲಿ ಜಾಸ್ತಿ. ನಾನದನ್ನು ಒಪ್ಪುವುದಿಲ್ಲ. ವಾಪಸ್ ಬರುವ ಲೆಕ್ಕದವರಿಗೆ ಇವತ್ತಿಗೂ ಅದೇ ಹತ್ತಿರದ ದಾರಿ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇದೆ, ನಾಲ್ಕು ಗಂಟೆಯೊಳಗೆ ತಲುಪಬಹುದು. ಮಲಯಾಳ, ಹಿಂದಿ ಬಂದರೆ ದಿನದ ವ್ಯವಹಾರ ನಡೆಯುತ್ತದೆ. ಹೊರಡುವ ಮೊದಲು ಲಕ್ಷಗಟ್ಟಲೆ ಫೀಸು ಕಟ್ಟಬೇಕಾಗಿಲ್ಲ.

ಆದರೆ ಅಲ್ಲಿ ವಾಸದ ಪರವಾನಗಿ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಸ್ವಲ್ಪ ಸಮಯ ಕೊಡುತ್ತಾರೆ. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ಹೊರಡಬೇಕು. ಅಲ್ಲೇ ಹುಟ್ಟಿದ ಮಕ್ಕಳಿಗೂ ಪೌರತ್ವ ಇಲ್ಲ. ಯುಎಇ 2019ರಲ್ಲಿ ಗೋಲ್ಡನ್ ವೀಸಾ ಶುರು ಮಾಡಿತು ನಿಜ. ಅದು ಬಂಡವಾಳ ಹಾಕುವವರಿಗೆ, ದೊಡ್ಡ ಸಂಬಳದವರಿಗೆ, ವಿಶೇಷ ಪರಿಣತಿ ಇರುವವರಿಗೆ. ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವವರಿಗೆ ಅಲ್ಲ. ನಿಯಮ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಸೌದಿಯನ್ನು ನೋಡಿ. 2011ರಲ್ಲಿ ನಿತಾಖಾತ್ ಬಂತು, ಕಂಪನಿಗಳು ಇಂತಿಷ್ಟು ಜನ ಸೌದಿಯವರನ್ನೇ ಇಟ್ಟುಕೊಳ್ಳಬೇಕಾಯಿತು. 2017ರಲ್ಲಿ ಕುಟುಂಬದ ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದರು. ಅದು ವರ್ಷ ವರ್ಷ ಏರಿ 2020ರಲ್ಲಿ 400 ರಿಯಾಲ್ ಆಯಿತು. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದರೆ ತಿಂಗಳಿಗೆ 1,200 ರಿಯಾಲ್. ಎಷ್ಟೋ ಜನ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದು ಈ ಲೆಕ್ಕ ನೋಡಿಯೇ.

ಆಫರ್ ಲೆಟರ್ ಕೈಗೆ ಬಂದಾಗ ಒಟ್ಟು ಮೊತ್ತವನ್ನು ಮಾತ್ರ ನೋಡಬೇಡಿ. ಅದರಲ್ಲಿ ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಅಂತ ಬಿಡಿಸಿ ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ಸಂಬಳದ ಮೇಲೆ ಲೆಕ್ಕ ಆಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಒಟ್ಟು 4,000 ದಿರ್ಹಮ್ ಅಂತ ಬರೆದು ಮೂಲ ಸಂಬಳ ಬರೀ 1,500 ಇಟ್ಟಿದ್ದರೆ ಹತ್ತು ವರ್ಷದ ನಂತರ ಕೈಗೆ ಬರುವ ಹಣ ಅರ್ಧಕ್ಕಿಂತ ಕಡಿಮೆ. ಅಲ್ಲಿಗೆ ಕುಟುಂಬವನ್ನು ಕರೆಸಲು ಸಂಬಳ 4,000 ದಿರ್ಹಮ್ ಆದರೂ ಇರಬೇಕು. ಕಂಪನಿ ಮನೆ ಕೊಟ್ಟರೆ 3,000 ಸಾಕು.

ಇರುವ ಜಾಗದ ಬಗ್ಗೆಯೂ ಕೇಳಬೇಕು. 2024ರ ಜೂನ್ 12ರಂದು ಕುವೈತ್‌ನ ಮಂಗಫ್‌ನಲ್ಲಿ ಕೆಲಸಗಾರರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ತೀರಿಕೊಂಡರು. ನಮ್ಮ ಜಿಲ್ಲೆಯವರೂ ಅದರಲ್ಲಿದ್ದರು. ಒಂದು ಕೋಣೆಯಲ್ಲಿ ಎಷ್ಟು ಜನ, ಕಟ್ಟಡ ಎಂಥದ್ದು ಅಂತ ಅಲ್ಲಿ ಈಗಾಗಲೇ ಕೆಲಸ ಮಾಡುವವರೊಬ್ಬರಿಂದ ಕೇಳಿ ತಿಳಿದುಕೊಳ್ಳಿ. ಇದನ್ನು ಕೇಳಲು ನಾಚಿಕೆ ಬೇಡ.

ನೆಲೆಸುವ ದೇಶಗಳು

ಇಲ್ಲಿ ನೋಡಬೇಕಾದದ್ದು ಇವತ್ತು ಸಿಗುವ ವೀಸಾ ಮುಂದೆ ಏನಾಗಿ ಬದಲಾಗುತ್ತದೆ ಅನ್ನುವುದನ್ನು. ವಿದ್ಯಾರ್ಥಿ ವೀಸಾ ಮುಗಿದ ಮೇಲೆ ಕೆಲಸ ಹುಡುಕಲು ಎಷ್ಟು ಸಮಯ ಕೊಡುತ್ತಾರೆ? ಕೆಲಸ ಸಿಕ್ಕಿದರೆ ಶಾಶ್ವತ ವಾಸಕ್ಕೆ ಎಷ್ಟು ವರ್ಷ? ಆಮೇಲೆ ಪೌರತ್ವಕ್ಕೆ ಎಷ್ಟು? ಈ ಮೂರು ಮೆಟ್ಟಿಲಲ್ಲಿ ಒಂದು ಮುರಿದಿದ್ದರೂ ಆ ದೇಶ ನಿಮ್ಮ ಮಟ್ಟಿಗೆ ನೆಲೆಸುವ ದೇಶ ಅಲ್ಲ.

ಅಮೆರಿಕವನ್ನೇ ತೆಗೆದುಕೊಳ್ಳಿ. ಅಲ್ಲಿಯಷ್ಟು ಸಂಬಳ ಬೇರೆಲ್ಲೂ ಇಲ್ಲ ಅನ್ನುತ್ತಾರೆ. ಆದರೆ ಎಚ್-1ಬಿ ಅನ್ನುವ ಕೆಲಸದ ವೀಸಾ ವರ್ಷಕ್ಕೆ 85,000 ಮಾತ್ರ, ಅದಕ್ಕೂ ಆಯ್ಕೆಯ ಅದೃಷ್ಟ ಬೇಕು. 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಬರುವ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಶಾಶ್ವತ ವಾಸ ಕೊಡುವ ಗ್ರೀನ್ ಕಾರ್ಡಿನಲ್ಲಿ ಯಾವ ದೇಶದಲ್ಲಿ ಹುಟ್ಟಿದವರಿಗೂ 7 ಶೇಕಡಕ್ಕಿಂತ ಜಾಸ್ತಿ ಕೊಡುವುದಿಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಅಷ್ಟು ಉದ್ದ ಇರುವುದರಿಂದ ಈಗ ಸೇರುವವರು ದಶಕಗಟ್ಟಲೆ ಕಾಯಬೇಕು. ಎರಡನೇ ಮೆಟ್ಟಿಲೇ ನಮ್ಮವರಿಗೆ ಎಟುಕುವುದಿಲ್ಲ.

ಕೆನಡಾ ಅಂಕ ಕೊಟ್ಟು ಆರಿಸುತ್ತದೆ. 2015ರಿಂದ ನಡೆಯುತ್ತಿರುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸಿಗೆ ಪೂರ್ತಿ ಅಂಕ ಸಿಗುವುದು 20ರಿಂದ 29 ವರ್ಷದವರೆಗೆ. ಮೂವತ್ತಾದ ಮೇಲೆ ಇಳಿಯುತ್ತಾ ಹೋಗುತ್ತದೆ. "ಇನ್ನೊಂದೆರಡು ವರ್ಷ ಇಲ್ಲೇ ಇದ್ದು ನೋಡುವ" ಅನ್ನುವವರು ಇದನ್ನು ತಿಳಿದಿರಬೇಕು. ಶಾಶ್ವತ ವಾಸ ಸಿಕ್ಕಿದವರು ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಬಾಗಿಲು ಮೊದಲಿನಷ್ಟು ಅಗಲ ಇಲ್ಲ. ವಿದ್ಯಾರ್ಥಿಗಳು ಖರ್ಚಿಗೆ ತೋರಿಸಬೇಕಾದ ಹಣ 10,000 ಕೆನಡಾ ಡಾಲರ್ ಇದ್ದದ್ದು 2024ರ ಜನವರಿಯಲ್ಲಿ 20,635 ಆಯಿತು, ಆಮೇಲೆ ಇನ್ನೂ ಏರಿತು. 2025ಕ್ಕೆ 5 ಲಕ್ಷ ಜನರಿಗೆ ಶಾಶ್ವತ ವಾಸ ಅಂತಿದ್ದ ಗುರಿಯನ್ನು 3.95 ಲಕ್ಷಕ್ಕೆ ಇಳಿಸಿದರು.

ಜರ್ಮನಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ನರ್ಸಿಂಗ್ ಓದಿದ ಮಕ್ಕಳಿಗೆ ಅದು ನಿಜವಾಗಿ ಹೊಂದುತ್ತದೆ. ಕೇರಳ ಸರಕಾರದ ನೋರ್ಕಾ ರೂಟ್ಸ್, ಜರ್ಮನಿಯ ಸರಕಾರಿ ಉದ್ಯೋಗ ಸಂಸ್ಥೆ ಮತ್ತು ಅಲ್ಲಿನ ಸರಕಾರದ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆ ಜಿಐಝಡ್ ಸೇರಿ ನಡೆಸುವ ಟ್ರಿಪಲ್ ವಿನ್ ಎಂಬ ಯೋಜನೆ ಇದೆ. ಆಯ್ಕೆಯಾದ ನರ್ಸ್‌ಗಳಿಗೆ ಭಾಷೆಯ ತರಬೇತಿ ಉಚಿತ, ನೇಮಕಾತಿಗೆ ಹಣ ಕೇಳುವುದಿಲ್ಲ. ಇದೇ ಕೆಲಸಕ್ಕೆ ಹೊರಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಕಾಸರಗೋಡಿನ ಕನ್ನಡ ಮನೆಯ ಹುಡುಗಿಯೂ ಕೇರಳದ ನಿವಾಸಿಯೇ ಅಲ್ವಾ? ಈ ಯೋಜನೆ ಅವಳಿಗೂ ಸೇರಿದ್ದು.

ಓದಲು ಹೋಗುವವರಿಗೆ ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ತೆಗೆದುಕೊಳ್ಳುತ್ತದೆ. ಆದರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ತಿಂಗಳಿಗೆ 992 ಯೂರೋದಂತೆ ಅದೇ ಹಣ ನಿಮಗೆ ವಾಪಸ್ ಸಿಗುತ್ತದೆ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 2024ರಲ್ಲಿ ಎಂಟು ವರ್ಷದಿಂದ ಐದಕ್ಕೆ ಇಳಿಸಿದ್ದಾರೆ. ನಮ್ಮವರು ವೀಸಾಕ್ಕೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತಾರೆ.

ಇದೆಲ್ಲದರ ಬೆಲೆ ಭಾಷೆ. ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಲು ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟದ ಜರ್ಮನ್ ಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಟ್ಟಿ ಓದು ಬೇಕು. ಮನೆಯಲ್ಲಿ ತುಳು ಅಥವಾ ಹವ್ಯಕ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್ ಅಂತ ಬೆಳೆದ ನಮ್ಮ ಮಕ್ಕಳಿಗೆ ಇನ್ನೊಂದು ಭಾಷೆ ಅಂದರೆ ಹೆದರಿಕೆ ಇರಬಾರದು. ಗಡಿಯ ಬದುಕು ನಮಗೆ ಕೊಟ್ಟ ದೊಡ್ಡ ಶಕ್ತಿ ಅದು. ಅದನ್ನು ಬಳಸಬೇಕು.

ಬ್ರಿಟನ್‌ನ ಕಥೆ ಎಚ್ಚರಿಕೆಯ ಪಾಠ. ಕೋವಿಡ್ ನಂತರ ವೃದ್ಧರ ಆರೈಕೆಯ ಕೆಲಸಕ್ಕೆ ಅಂತ ನಮ್ಮ ರಾಜ್ಯದಿಂದ ತುಂಬಾ ಜನ ಹೋದರು. 2024ರ ಮಾರ್ಚ್ 11ರಿಂದ ಆ ಕೆಲಸಕ್ಕೆ ಹೊಸದಾಗಿ ಹೋಗುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ ಅಂದರು. 2025ರ ಜುಲೈ 22ರಂದು ಹೊರದೇಶದಿಂದ ಹೊಸಬರನ್ನು ತರಿಸುವ ಆ ದಾರಿಯನ್ನೇ ಮುಚ್ಚಿದರು. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ 26,200 ಪೌಂಡ್ ಇದ್ದದ್ದು ಮೊದಲು 38,700, ಮತ್ತೆ 41,700 ಆಯಿತು. ಓದು ಮುಗಿದ ಮೇಲೆ ಸಿಗುವ ಎರಡು ವರ್ಷದ ಗ್ರಾಜುಯೇಟ್ ವೀಸಾ 2027ರ ಜನವರಿಯಿಂದ 18 ತಿಂಗಳಿಗೆ ಇಳಿಯುತ್ತದೆ. ಬಿಕಾಂ ಮುಗಿಸಿ, ಇಪ್ಪತ್ತು ಲಕ್ಷ ಸಾಲ ಮಾಡಿ, ಒಂದು ವರ್ಷದ ಯಾವುದೋ ಮ್ಯಾನೇಜ್ಮೆಂಟ್ ಮಾಸ್ಟರ್ಸ್‌ಗೆ ಅಲ್ಲಿಗೆ ಹೋಗುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಹದಿನೆಂಟು ತಿಂಗಳಲ್ಲಿ ಅಷ್ಟು ಸಂಬಳ ಕೊಡುವ ಕಂಪನಿ ಸಿಗಬೇಕು, ಸಿಗದಿದ್ದರೆ ಸಾಲ ಹೊತ್ತು ವಾಪಸ್ ಬರಬೇಕು.

ಆಸ್ಟ್ರೇಲಿಯಾದಲ್ಲೂ ಅಂಕದ ಪದ್ಧತಿ ಇದೆ. 45 ವರ್ಷ ದಾಟಿದವರಿಗೆ ಆ ದಾರಿ ಇಲ್ಲ. ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೇ 2025ರ ಜುಲೈಯಿಂದ 2,000 ಆಸ್ಟ್ರೇಲಿಯಾ ಡಾಲರ್. ಐರ್ಲೆಂಡ್ ಚಿಕ್ಕ ದೇಶ, ಬಾಡಿಗೆ ಮನೆ ಸಿಗುವುದು ಕಷ್ಟ. ಆದರೆ ನರ್ಸ್, ಸಾಫ್ಟ್‌ವೇರಿನವರಿಗೆ ಅಲ್ಲಿ ದಾರಿ ನೇರವಾಗಿದೆ.

ನಿಮ್ಮ ಕೆಲಸ ಅಲ್ಲಿ ನಡೆಯುತ್ತದಾ?

ದೇಶಕ್ಕಿಂತ ಮೊದಲು ನೋಡಬೇಕಾದ ಇನ್ನೊಂದು ವಿಷಯ ಇದು. ಸಾಫ್ಟ್‌ವೇರಿನವರಿಗೆ ಲೈಸೆನ್ಸ್ ಬೇಡ. ನರ್ಸ್, ಡಾಕ್ಟರ್, ಟೀಚರ್, ಎಲೆಕ್ಟ್ರಿಷಿಯನ್‌ಗೆ ಒಂದೊಂದು ದೇಶದಲ್ಲಿ ಒಂದೊಂದು ಪರೀಕ್ಷೆ. ದುಬೈಗಾದರೆ ನರ್ಸ್‌ಗಳು ಪ್ರೊಮೆಟ್ರಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು, ಡೇಟಾಫ್ಲೋ ಅನ್ನುವ ಸಂಸ್ಥೆಯಿಂದ ಸರ್ಟಿಫಿಕೇಟ್ ಪರಿಶೀಲನೆ ಆಗಬೇಕು. ಬ್ರಿಟನ್‌ಗಾದರೆ ಮೊದಲು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಅಲ್ಲೇ ಪ್ರಾಯೋಗಿಕ ಪರೀಕ್ಷೆ. ಡ್ರೈವರ್ ಕೆಲಸಕ್ಕೆ ದುಬೈಗೆ ಹೋಗುವವರ ಊರಿನ ಲೈಸೆನ್ಸನ್ನು ಅಲ್ಲಿ ಹಾಗೆಯೇ ಬದಲಿಸಿ ಕೊಡುವುದಿಲ್ಲ. ಅಲ್ಲಿ ಪರೀಕ್ಷೆ ಪಾಸಾಗಬೇಕು, ಅದರ ಖರ್ಚು ಯಾರದು ಅಂತ ಮೊದಲೇ ಕೇಳಬೇಕು.

ಸಂಬಳವನ್ನು ರೂಪಾಯಿಗೆ ಗುಣಿಸಿ ನೋಡುವುದನ್ನೂ ಬಿಡಬೇಕು. ಜರ್ಮನಿಯಲ್ಲಿ ತಿಂಗಳಿಗೆ 3,000 ಯೂರೋ ಅಂದರೆ ದೊಡ್ಡ ಮೊತ್ತ ಕಾಣುತ್ತದೆ. ಒಬ್ಬಂಟಿಯಾಗಿದ್ದರೆ ತೆರಿಗೆ, ವಿಮೆ, ಪೆನ್ಷನ್ ಅಂತ ಸುಮಾರು ಮೂರನೇ ಒಂದು ಭಾಗ ಮೊದಲೇ ಹೋಗುತ್ತದೆ. ಉಳಿದದ್ದರಲ್ಲಿ ಬಾಡಿಗೆ ಕೊಡಬೇಕು. ಆದರೆ ಆ ಹಣಕ್ಕೆ ಆಸ್ಪತ್ರೆ, ನಿರುದ್ಯೋಗ ಭತ್ಯೆ, ಮಕ್ಕಳ ಶಾಲೆ ಸಿಗುತ್ತದೆ. ಗಲ್ಫಿನಲ್ಲಿ ತೆರಿಗೆ ಇಲ್ಲ, ಮಕ್ಕಳ ಶಾಲೆಯ ಫೀಸನ್ನು ನೀವೇ ಕಟ್ಟಬೇಕು. ಎಲ್ಲ ಕಳೆದು ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಅಂತ ಒಂದು ಕಾಗದದಲ್ಲಿ ಬರೆದು ನೋಡಿ. ಅಡಿಕೆ ತೋಟ ಅಡ ಇಟ್ಟು ಸಾಲ ತೆಗೆಯುವ ಯೋಚನೆ ಇದ್ದರೆ ಆ ಕಾಗದದಲ್ಲಿ ಸಾಲದ ಕಂತನ್ನೂ ಬರೆಯಿರಿ.

ಗಡಿಯವರ ಕಾಗದಪತ್ರ

ನಮ್ಮ ವಿಳಾಸ ಕೇರಳದ್ದು, ಸರ್ಟಿಫಿಕೇಟ್ ಎಷ್ಟೋ ಸಲ ಕರ್ನಾಟಕದ್ದು. ಇಲ್ಲಿಯೇ ಗೊಂದಲ ಶುರುವಾಗುತ್ತದೆ. ಪಾಸ್‌ಪೋರ್ಟಿಗೆ ನಾವು ಕೋಝಿಕ್ಕೋಡು ಕಚೇರಿಯ ಅಡಿಯಲ್ಲಿ ಬರುತ್ತೇವೆ, ಕಾಸರಗೋಡಿನ ಪ್ರಧಾನ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಡಿಗ್ರಿ ಸರ್ಟಿಫಿಕೇಟಿನ ದೃಢೀಕರಣವನ್ನು ಸಾಮಾನ್ಯವಾಗಿ ಅದನ್ನು ಕೊಟ್ಟ ರಾಜ್ಯದವರು ಮಾಡುತ್ತಾರೆ. ಹಾಗಾಗಿ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದವರು ಓಡಾಡುವ ಮೊದಲು ನೋರ್ಕಾದಲ್ಲಿ ವಿಚಾರಿಸಿಕೊಳ್ಳಬೇಕು. ಅವರ ಉಚಿತ ಫೋನ್ ನಂಬರ್ 1800 425 3939. ಆಮೇಲೆ ಅಪೋಸ್ಟಿಲ್ ಬರುತ್ತದೆ, ಅಂದರೆ ಒಂದು ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವ ದೃಢೀಕರಣದ ಮುದ್ರೆ. ಭಾರತ 2005ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಸೌದಿ 2022ರಲ್ಲಿ, ಕೆನಡಾ 2024ರಲ್ಲಿ ಅದರ ಒಳಗೆ ಬಂದವು. ಯುಎಇ, ಕುವೈತ್‌ಗೆ ಇದು ಸಾಲದು, ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಹೆಸರಿನ ತೊಂದರೆ ನಮ್ಮಲ್ಲಿ ತುಂಬಾ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಜನನ ಪತ್ರದಲ್ಲಿ ಮನೆ ಹೆಸರು. ಕನ್ನಡದ ಹೆಸರನ್ನು ಮಲಯಾಳದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದಾಗ ಸ್ಪೆಲ್ಲಿಂಗ್ ಒಂದೊಂದರಲ್ಲಿ ಒಂದೊಂದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇದ್ದರೆ ಯುಎಇ ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂತ 2022ರ ನವೆಂಬರಿನಲ್ಲೇ ಹೇಳಿದೆ. ದೇಶ ಆರಿಸುವ ಮೊದಲೇ ಇದನ್ನೆಲ್ಲ ಒಂದೇ ರೀತಿ ಮಾಡಿಸಿಕೊಳ್ಳಿ. ಇದಕ್ಕೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟು ಇಸಿಆರ್ ವರ್ಗಕ್ಕೆ ಸೇರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರಕಾರದ ಎಮಿಗ್ರೇಷನ್ ಅನುಮತಿ ಬೇಕು. ಇದನ್ನು ಕಿರಿಕಿರಿ ಅಂತ ತಿಳಿದು ವಿಸಿಟ್ ವೀಸಾದಲ್ಲಿ ನುಗ್ಗಿಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಹೋದವರ ಕಾಂಟ್ರ್ಯಾಕ್ಟ್ ಸರಕಾರದ ದಾಖಲೆಯಲ್ಲಿ ಇರುತ್ತದೆ. ಕೆಲವು ನೂರು ರೂಪಾಯಿಗೆ 10 ಲಕ್ಷದ ಪ್ರವಾಸಿ ಭಾರತೀಯ ವಿಮೆ ಇರುತ್ತದೆ. ವಿಸಿಟ್ ವೀಸಾದಲ್ಲಿ ಹೋದವರಿಗೆ ಇದು ಯಾವುದೂ ಇಲ್ಲ. ನೋಂದಣಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳಿದರೆ ಅಲ್ಲೇ ನಿಲ್ಲಿಸಿ. ಏಜೆಂಟ್‌ನ ನೋಂದಣಿ ನಂಬರನ್ನು ಇ-ಮೈಗ್ರೇಟ್‌ನಲ್ಲಿ ನೀವೇ ನೋಡಬಹುದು, ಗೊತ್ತಾಗದಿದ್ದರೆ ಅಕ್ಷಯ ಕೇಂದ್ರದಲ್ಲಿ ನೋಡಿಸಿ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಕರೆಸಿ ಮ್ಯಾನ್ಮಾರ್, ಕಾಂಬೋಡಿಯಾದಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಿದ್ದು, ಕೆಲಸ ಕೊಡಿಸುತ್ತೇವೆಂದು ರಷ್ಯಾಕ್ಕೆ ಕರೆದೊಯ್ದು ಯುದ್ಧಕ್ಕೆ ತಳ್ಳಿದ್ದು ಎರಡರಲ್ಲೂ ಕೇರಳದ ಹುಡುಗರು ಸಿಕ್ಕಿಬಿದ್ದಿದ್ದಾರೆ.

ಅಪ್ಪ ಅಮ್ಮ, ತೋಟ, ಪೌರತ್ವ

ಊರಲ್ಲಿ ವಯಸ್ಸಾದವರು ಇಬ್ಬರೇ ಇದ್ದು, ನೀವೊಬ್ಬರೇ ಮಗ ಅಥವಾ ಮಗಳಾಗಿದ್ದರೆ ದೂರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅರ್ಧರಾತ್ರಿ ಫೋನ್ ಬಂದರೆ ದುಬೈಯಿಂದ ಮರುದಿನ ಮನೆಯಲ್ಲಿರಬಹುದು. ಟೊರಾಂಟೊದಿಂದ ಬದಿಯಡ್ಕಕ್ಕೆ ಬರಲು ಒಂದು ದಿನಕ್ಕಿಂತ ಜಾಸ್ತಿಯೇ ಬೇಕು. ಅವರನ್ನೇ ಕರೆಸಿಕೊಳ್ಳುವುದು ಎಲ್ಲ ಕಡೆಯೂ ಸುಲಭ ಅಲ್ಲ. ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ ಅಮ್ಮ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಜರ್ಮನಿ 2024ರ ಮಾರ್ಚ್ ನಂತರ ಪರವಾನಗಿ ಪಡೆದ ಕುಶಲ ಕೆಲಸಗಾರರಿಗೆ ಅಪ್ಪ ಅಮ್ಮನನ್ನು ಕರೆಸುವ ಅವಕಾಶ ಕೊಟ್ಟಿದೆ, ಅವರ ಆರೋಗ್ಯ ವಿಮೆ, ಖರ್ಚು ನಿಮ್ಮದು. ಬ್ರಿಟನ್‌ನಲ್ಲಿ ಅದು ಹೆಚ್ಚುಕಡಿಮೆ ಆಗದ ಮಾತು.

ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಬೇರೆ ದೇಶದ್ದನ್ನು ತೆಗೆದುಕೊಂಡ ಕೂಡಲೇ ಇಲ್ಲಿಯದು ಹೋಗುತ್ತದೆ. ಹಾಗೆ ಬೇರೆ ಪೌರತ್ವ ಪಡೆದ ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೆ ಬಂದುಹೋಗಲು ವೀಸಾ ಬೇಡ, ಆದರೆ ಮತದ ಹಕ್ಕು ಇಲ್ಲ.

ತೋಟ ಇರುವ ಮನೆಯವರು ಈ ಕೆಳಗಿನದನ್ನು ಗಮನವಿಟ್ಟು ಓದಿ. ಅನಿವಾಸಿ ಭಾರತೀಯರಾಗಲಿ ಒಸಿಐ ಆಗಲಿ, ಇಲ್ಲಿ ಕೃಷಿ ಭೂಮಿ, ತೋಟ ಖರೀದಿ ಮಾಡುವ ಹಾಗಿಲ್ಲ. ಮನೆ, ಫ್ಲ್ಯಾಟ್ ಕೊಳ್ಳಬಹುದು. ಅಪ್ಪ ತೀರಿಕೊಂಡ ಮೇಲೆ ವಾರಸುದಾರಿಕೆಯಿಂದ ತೋಟ ಬಂದರೆ ಅಡ್ಡಿಯಿಲ್ಲ. ಅಪ್ಪ ಬದುಕಿರುವಾಗ ಹೊರದೇಶದಲ್ಲಿರುವ ಮಗನಿಗೆ ಅಡಿಕೆ ತೋಟವನ್ನು ದಾನಪತ್ರ ಮಾಡಿಕೊಟ್ಟರೆ ವಿದೇಶಿ ವಿನಿಮಯ ಕಾನೂನಾದ ಫೆಮಾದ ನಿಯಮ ಅದನ್ನು ಒಪ್ಪುವುದಿಲ್ಲ. ಬಂದ ತೋಟವನ್ನು ಮಾರುವುದಾದರೂ ಭಾರತದಲ್ಲಿ ವಾಸ ಇರುವ ಭಾರತೀಯರಿಗೇ ಮಾರಬೇಕು. ಹಾಗಾಗಿ ಪಾಲು ಮಾಡುವ ಯೋಚನೆ ಮನೆಯಲ್ಲಿ ಇದ್ದರೆ ಮಗ ವಿಮಾನ ಹತ್ತುವ ಮೊದಲೇ ವಕೀಲರ ಹತ್ತಿರ ಕೂತು ಮಾತಾಡಿ. "ಗಲ್ಫಿನಲ್ಲಿ ದುಡಿದು ಊರಲ್ಲಿ ಎರಡು ಎಕರೆ ತೋಟ ತೆಗೆಯುತ್ತೇನೆ" ಅನ್ನುವವರು ಅದನ್ನು ವಾಪಸ್ ಬಂದು ನೆಲೆಸಿದ ಮೇಲೆ ಮಾಡಬೇಕು. ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನೂ ಹೋದ ಮೇಲೆ ಹಾಗೆಯೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ ಅನ್ನುವ ಅನಿವಾಸಿಗಳ ಖಾತೆಯಾಗಿ ಮಾಡಿಸಬೇಕು. ಹೊರಗಿನಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಹೊರಟ ಮೇಲೆ ಕೇರಳ ಪ್ರವಾಸಿ ಕ್ಷೇಮನಿಧಿಗೂ ಸೇರಿಕೊಳ್ಳಿ. ಹೊರದೇಶದಲ್ಲಿ ದುಡಿಯುವ ಕೇರಳದವರು 18ರಿಂದ 60 ವರ್ಷದೊಳಗೆ ಸೇರಬಹುದು. ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದರೆ 60ರ ನಂತರ ತಿಂಗಳ ಪಿಂಚಣಿ ಸಿಗುತ್ತದೆ. ಗಲ್ಫಿನಿಂದ ವಾಪಸ್ ಬಂದವರೂ ಸೇರಬಹುದು. ಮಂಜೇಶ್ವರದಿಂದ ಅಡೂರಿನವರೆಗೆ ನಮ್ಮ ಕನ್ನಡ ಮನೆಗಳಲ್ಲಿ ಇದಕ್ಕೆ ಅರ್ಹರು ಬೇಕಾದಷ್ಟು ಜನ ಇದ್ದಾರೆ. ವಯಸ್ಸು 60 ದಾಟಿದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ.